ಗಡ್ಡ ಬೆಳೆದ ಅಧ್ಯಾಯ

ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ಟನ್ನು ಬೋರಲು ಹಾಕಿ, ತೊಟ್ಟ ಬಟ್ಟೆಯಲ್ಲೇ ಅವನು ಅದರ ಮೇಲೆ ಕೂತಿದ್ದ. ನೀರು ನೇರವಾಗಿ ಮೋರಿಗೆ ಹೋಗುತ್ತಿತ್ತು. ಆದರೆ ಸುಮ್ಮನೆ ಸುರಿಯುವ ನೀರಿನ ಸದ್ದು ಸ್ನಾನದ ಸದ್ದಲ್ಲ. ಸದ್ದಿನಲ್ಲೇ ಹೊಟ್ಟೆ ಹೊರೆದುಕೊಂಡು ಬಂದವನಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ. ಅದಕ್ಕಾಗಿ ಆಗಾಗ ಚೊಂಬು ತುಂಬಿ ಗೋಡೆಗೆ ಎರಚುತ್ತಿದ್ದ. ಮೊದಲು ಬೇಗ ಬೇಗ ಒಂದೆರಡು, ಆಮೇಲೆ ಸೋಪು ಹಚ್ಚಿಕೊಳ್ಳುವಷ್ಟು ಹೊತ್ತು ಬಿಡುವು, ಕೊನೆಗೆ ಒಂದರ ಹಿಂದೊಂದು. ಬಾಗಿಲಾಚೆ ಕಿವಿಗೊಟ್ಟು ಕೇಳಿದವರಿಗೆ ಒಳಗೊಬ್ಬ ಗಂಡಸು ಲಕ್ಷಣವಾಗಿ ಸ್ನಾನ ಮಾಡುತ್ತಿದ್ದಾನೆ ಅನ್ನಿಸಬೇಕು. ಸೋಪಿನ ವಿಷಯದಲ್ಲಿ ಮಾತ್ರ ಮೊದಮೊದಲು ಎಡವಿದ್ದ. ಅದರ ಮೈಮೇಲೆ ಒತ್ತಿದ್ದ ಕಂಪನಿಯ ಅಕ್ಷರಗಳು ವಾರ ಕಳೆದರೂ ಅಂಗಡಿಯಿಂದ ತಂದ ದಿನದಷ್ಟೇ ಚೂಪಾಗಿದ್ದವು. ಅದು ಕಣ್ಣಿಗೆ ಬಿದ್ದಂದಿನಿಂದ ದಿನವೂ ಸೋಪನ್ನು ನೀರಿನಡಿ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ಸವೆಸುತ್ತಿದ್ದ. ಸ್ನಾನ ಮಾಡುವುದಕ್ಕಿಂತ ಮಾಡಿದೆನೆಂದು ತೋರಿಸಿಕೊಳ್ಳುವುದಕ್ಕೆ ಹೆಚ್ಚು ದುಡಿಮೆ ಬೇಕು ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದ ಏನೂ ಆಗಲಿಲ್ಲ, ಅಷ್ಟೆ. ಈಚೆಗೆ ಹೊಳೆಯುವುದೆಲ್ಲ ಹೀಗೆಯೇ, ಎದುರುಮನೆಯ ದೀಪದ ಹಾಗೆ. ಉರಿಯುವುದು ಕಾಣುತ್ತದೆ, ಬೆಳಕು ಇಲ್ಲಿಯವರೆಗೆ ಬರುವುದಿಲ್ಲ.

ಹೆಂಡತಿ ಬಾಗಿಲು ತಟ್ಟಿ, ಆಯಿತಾ ಎಂದು ಕೇಳಿದಳು. ತಲೆಗೂದಲನ್ನಷ್ಟು ತೋಯಿಸಿಕೊಂಡು, ಟವೆಲಿನ ಒಂದು ತುದಿಯನ್ನು ನೀರಿಗೆ ಹಿಡಿದು ಹಿಂಡಿ, ಹೊರಗೆ ಬಂದ. ಅವಳದು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ. ಖಾಲಿ ಹೊಟ್ಟೆಯವರ ಸುತ್ತು ಮುಗಿಸಿ ಬಂದು, ಈಗ ತಿಂಡಿಯಾದವರ ಸುತ್ತಿಗೆ ಹೊರಟಿದ್ದಳು. ತಣ್ಣನೆಯ ಪೆಟ್ಟಿಗೆಯೊಳಗೆ ಸಣ್ಣ ಸಣ್ಣ ನಳಿಕೆಗಳನ್ನು ಜೋಡಿಸುತ್ತಿದ್ದಳು. ಯಾರೇ ಎದುರಿಗೆ ಬಂದರೂ ಮುಖಕ್ಕಿಂತ ಮೊದಲು ಮೊಣಕೈಯ ಒಳಮಗ್ಗುಲನ್ನು ನೋಡುವುದು ಅವಳ ವೃತ್ತಿದೋಷ. ಮದುವೆಗೆ ಮುಂಚೆ ಅವನನ್ನು ಮೊದಲ ಸಲ ಕಂಡಾಗಲೂ ಅಲ್ಲೇ ನೋಡಿ, ನಿಮ್ಮ ನರ ಹುಡುಕೋದು ಕಷ್ಟ, ಒಳಗೆ ಅಡಗಿಕೊಂಡಿವೆ ಎಂದು ನಕ್ಕಿದ್ದಳು. ಈಗ ನಗಲಿಲ್ಲ. ನೀರು ಕಾದಿತ್ತಾ ಎಂದು ಕೇಳಿದಳು. ಕಾದಿತ್ತು ಎಂದ.

‘ಹೌದಾ. ಗೀಸರ್ ಹಾಕೋದು ಮರೆತೆ ಅಂದ್ಕೊಂಡಿದ್ದೆ,’ ಎಂದಳು ಅವಳು, ಪೆಟ್ಟಿಗೆಯ ಕೊಂಡಿ ಹಾಕುತ್ತ.

ಆ ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ಜಗಳವಾಗುತ್ತಿತ್ತು. ಜಗಳವಾದರೆ ಅವನಿಗೆ ಅನುಕೂಲವೇ ಆಗುತ್ತಿತ್ತು. ಆದರೆ ಅವಳು ಅದನ್ನು ನೆಲದ ಮೇಲೆ ಬಿದ್ದ ಸೂಜಿಯನ್ನು ಎತ್ತಿಡುವ ಹಾಗೆ, ಯಾರಿಗೂ ಚುಚ್ಚದಂತೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಅವನು ಒದ್ದೆ ತಲೆಯಲ್ಲಿ ನಡುಮನೆಯಲ್ಲಿ ನಿಂತ. ಯಾವ ಕಾಲುಚೀಲ ಮೊದಲು ಹಾಕಿಕೊಳ್ಳಬೇಕು ಎಂಬ ಪ್ರಶ್ನೆ ಎದುರಾಯಿತು. ಎಡಗಾಲಿನದೋ, ಬಲಗಾಲಿನದೋ. ಯಾವುದಾದರೇನು ಎಂದು ಬೇರೆಯವರು ಹೇಳಬಹುದು. ಯಾವುದಾದರೂ ಒಂದೇ ಎಂಬುದೇ ಅವನ ಕಷ್ಟವಾಗಿತ್ತು.

ಅವನ ಕೆಲಸ ಓದುವುದು. ಕಣ್ಣು ಕಾಣದವರಿಗಾಗಿ ಇರುವ ಗ್ರಂಥಾಲಯದಲ್ಲಿ, ಹೊರಗಿನ ಸದ್ದು ಬಾರದ ಗೂಡಿನಂಥ ಕೋಣೆಯೊಳಗೆ ಕೂತು, ಕಾದಂಬರಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಮೈಕಿನ ಮುಂದೆ ಓದಬೇಕು. ಓದಲು ಬಂದವರಲ್ಲಿ ಹೆಚ್ಚಿನವರು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುತ್ತಿದ್ದರು. ಗರಿಗರಿಯಾದ ಅಂಗಿ ಹಾಕುವಂತಿಲ್ಲ, ಸದ್ದಾಗುತ್ತದೆ. ಹಸಿದುಕೊಂಡು ಬರುವಂತಿಲ್ಲ, ಮೈಕಿಗೆ ಹೊಟ್ಟೆಯ ಗುರುಗುಟ್ಟು ಕೇಳಿಸುತ್ತದೆ; ತುಂಬ ತಿಂದು ಬರುವಂತೆಯೂ ಇಲ್ಲ, ತೇಗು ಬರುತ್ತದೆ. ಇವನು ಮಾತ್ರ ಇಪ್ಪತ್ತು ವರ್ಷ ತಳವೂರಿದ. ಹೊರಗೆ ಮಾತಿಗೆ ತಡವರಿಸುವವನು ಗೂಡಿನೊಳಗೆ ಕೂತರೆ ಸಲೀಸಾಗಿ ರಾಜನಾಗುತ್ತಿದ್ದ, ಸೂಳೆಯಾಗುತ್ತಿದ್ದ, ಸಾಯುವ ಮುದುಕನಾಗುತ್ತಿದ್ದ. ಈಚಿನ ತಿಂಗಳುಗಳಲ್ಲಂತೂ ಅವನು ನೆಟ್ಟಗೆ ಕೂರುತ್ತಿದ್ದುದು ಅಲ್ಲಿ ಮಾತ್ರ. ಬೇರೆಯವರ ವಾಕ್ಯಗಳು ಅವನನ್ನು ಕಂಕುಳಿಗೆ ಕೈಹಾಕಿ ಎತ್ತಿ ನಡೆಸುತ್ತಿದ್ದವು. ಕರ್ತೃವಿನಿಂದ ಹೊರಟರೆ ಕ್ರಿಯಾಪದ ಮುಟ್ಟಲೇಬೇಕು. ನಡುವೆ ಮಲಗಿಬಿಡಲು ವಾಕ್ಯ ಬಿಡುವುದಿಲ್ಲ.

ಹಾಗಿರುವಾಗ ಈ ಪುಸ್ತಕ ಬಂತು. ನಕ್ಷೆಗಳನ್ನು ಬರೆಯುವ ಒಬ್ಬ ನೌಕರನ ಕಥೆ. ಅವನಿಗೆ ಕಷ್ಟವೆಂಬುದೇನೂ ಇಲ್ಲ, ಕೆಲಸವಿದೆ, ತಾಯಿಯಿದ್ದಾಳೆ, ಆರೋಗ್ಯ ನೆಟ್ಟಗಿದೆ. ಆದರೂ ದಿನದಿಂದ ದಿನಕ್ಕೆ ಅವನೊಳಗಿನದೇನೋ ಇಳಿಯುತ್ತ ಹೋಗುತ್ತದೆ. ಹಿಂಬದಿಯ ರಕ್ಷಾಪುಟದಲ್ಲಿ ಇದು ಖಿನ್ನತೆಯ ಮನೋವಿಶ್ಲೇಷಣೆ ಎಂದು ಅಚ್ಚಾಗಿತ್ತು. ನಿಯಮದಂತೆ ಅದನ್ನೂ ಓದಿ ಧ್ವನಿಮುದ್ರಿಸಿದ್ದ. ಆ ಪದ ಅವನ ಕಿವಿಗೆ ಪತ್ರಿಕೆಯ ಆರೋಗ್ಯ ಪುರವಣಿಯದಾಗಿ ಕೇಳಿಸಿತ್ತು, ಸೊಪ್ಪು ತಿನ್ನಿ, ಬೆಳಿಗ್ಗೆ ನಡೆಯಿರಿ ಎನ್ನುವ ಸಾಲಿನ ಪಕ್ಕದ್ದು. ತನಗಿರುವುದು ಸುಸ್ತು. ಸುಸ್ತಿಗೂ ಅದಕ್ಕೂ ಏನು ಸಂಬಂಧ? ಎಂಟು ಅಧ್ಯಾಯಗಳನ್ನು ಒಂದೇ ಓಟದಲ್ಲಿ ಓದಿ ಮುಗಿಸಿದ. ಒಂಬತ್ತನೆಯದಕ್ಕೆ ಬಂದಾಗ, ಮನೆಯಲ್ಲಿ ಮುಂಚೆಯೇ ಓದಿಕೊಂಡು ಬಂದಿದ್ದವನು, ಅದರ ಪುಟಗಳನ್ನೆಲ್ಲ ಒಟ್ಟಿಗೆ ಹಿಡಿದು ಮಗುಚಿ, ಹತ್ತನೆಯದನ್ನು ತೆಗೆದು, ತಣ್ಣಗೆ, ‘ಅಧ್ಯಾಯ ಒಂಬತ್ತು’ ಎಂದುಬಿಟ್ಟ. ಗಾಜಿನಾಚೆ ಕೂತ ರೆಕಾರ್ಡಿಂಗಿನವಳು ನೋಡುವುದು ಧ್ವನಿಯ ಏರಿಳಿತವನ್ನು, ಪುಸ್ತಕವನ್ನಲ್ಲ. ಆ ಅಧ್ಯಾಯದಲ್ಲಿ ನಡೆಯುವುದಾದರೂ ಏನು? ಏನೂ ಇಲ್ಲ. ಏನೂ ನಡೆಯದ್ದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಒಂದು ಸುಳ್ಳಿನ ಕಾಲಿಗೆ ಇನ್ನೊಂದನ್ನು ಕಟ್ಟುತ್ತ ಹೋಗಬೇಕಾಯಿತು. ಹತ್ತು ಒಂಬತ್ತಾಯಿತು, ಹನ್ನೊಂದು ಹತ್ತಾಯಿತು, ಕೊನೆಯವರೆಗೂ ಪ್ರತಿ ಅಧ್ಯಾಯದ ನೆತ್ತಿಯ ಮೇಲೂ ತಪ್ಪು ಸಂಖ್ಯೆ ಹೊರಿಸಿ ಪುಸ್ತಕ ಮುಗಿಸಿದ. ನಿನ್ನೆ ಸಂಜೆ ರೆಕಾರ್ಡಿಂಗಿನವಳು ಫೋನು ಮಾಡಿದ್ದಳು. ಪುಸ್ತಕ ಹೊರಗೆ ಹೋಗುವ ಮೊದಲು ಒಬ್ಬರು ಪೂರ್ತಿ ಕೇಳಿ ಒಪ್ಪಬೇಕಷ್ಟೆ, ಈ ಸಲ ಕೇಳಿದ ಕಂಡಕ್ಟರಮ್ಮನಿಗೆ ಏನೋ ಕೇಳಬೇಕಂತೆ, ನಾಳೆ ಅವರೇ ಬರುತ್ತಾರಂತೆ, ಎಂದಿದ್ದಳು. ಒಂದು ಪುಸ್ತಕಕ್ಕೆ ಒಂದೇ ಧ್ವನಿ ಎಂಬುದು ಅಲ್ಲಿಯ ಕಟ್ಟುನಿಟ್ಟು. ಓದುವವನು ಪೂರ್ತಿ ಓದಲಾರೆನೆಂದರೆ ಅಷ್ಟನ್ನೂ ಅಳಿಸಿ ಇನ್ನೊಬ್ಬರಿಗೆ ಕೊಡುತ್ತಾರೆ. ಒಮ್ಮೆ ಹಾಗಾದವರನ್ನು ಮತ್ತೆ ಕರೆದದ್ದಿಲ್ಲ. ಆ ಗೂಡೂ ಹೋದರೆ ಉಳಿಯುವುದು ಬೋರಲು ಬಕೆಟ್ಟು ಮಾತ್ರ.

ಗ್ರಂಥಾಲಯದ ಕಡೆಯ ಬಸ್ಸು ದೊಡ್ಡ ನಿಲ್ದಾಣವನ್ನು ಸುತ್ತಿಕೊಂಡೇ ಹೋಗುತ್ತದೆ. ಅಲ್ಲಿಗೆ ಬಂದಾಗ ಅವನು ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಎದುರು ಸೀಟಿನ ಹಿಂಬದಿಯ ಗೀಚುಗಳನ್ನು ಓದುತ್ತಾನೆ. ಅಂದು ಊರಿಂದ ಬಂದ ಅಕ್ಕ ಅವನಿಗಾಗಿ ಕಾದು ಕೂತದ್ದು ಆ ಮೂರನೆಯ ಕಂಬದ ಬುಡದ ಬೆಂಚಿನ ಮೇಲೇ ಇರಬೇಕು. ಪುಟ್ಟಾ, ನಂಗೆ ಆ ಊರಿನ ದಾರಿ ತಿಳಿಯೋದಿಲ್ಲ, ಮಂಡಿ ಬೇರೆ ನೋವು, ನೀನೇ ಬಂದು ಕರ್ಕೊಂಡು ಹೋಗು ಎಂದಿದ್ದಳು. ಐವತ್ತರ ಹತ್ತಿರ ಬಂದವನನ್ನು ಪುಟ್ಟ ಎನ್ನುವವಳು ಅವಳೊಬ್ಬಳೇ ಉಳಿದಿದ್ದಳು. ಬರುತ್ತೇನೆ ಎಂದಿದ್ದ. ಹೊರಟೂ ಇದ್ದ. ಒಂದು ಬೂಟಿನ ದಾರ ಕಟ್ಟಿ ಆಗಿತ್ತು. ಇನ್ನೊಂದರ ದಾರದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಕೂತವನು ಕೂತೇ ಇದ್ದ. ಅಳು ಬರಲಿಲ್ಲ, ಭಯವಾಗಲಿಲ್ಲ, ಅಕ್ಕನ ಮೇಲೆ ಮುನಿಸೂ ಇರಲಿಲ್ಲ. ಕೈಗೆ ಹೇಳಿದ್ದು ಕೈಯನ್ನು ಮುಟ್ಟಲಿಲ್ಲ, ಅಷ್ಟೆ. ಮೇಜಿನ ಮೇಲೆ ಫೋನು ನಡುಗುತ್ತ ಅಂಚಿನ ಕಡೆ ಸರಿಯುತ್ತಿತ್ತು. ಅಂಚಿಗೆ ಬಂದು ಬೀಳುವಂತಾದರೆ ಎತ್ತಿಕೊಳ್ಳುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಒಂದು ಬೆರಳಿನಷ್ಟು ಉಳಿದಿರುವಾಗ ಅದು ನಿಂತಿತು. ಅಕ್ಕ ಅಲ್ಲೇ ಕಾದು, ಕತ್ತಲಾಗುವುದರೊಳಗೆ ಊರು ಸೇರಬೇಕೆಂದು ಮರಳುವ ಬಸ್ಸು ಹತ್ತಿದಳು. ಅವಳು ಬರುವುದನ್ನು ಮುಂದೂಡಿದಳಂತೆ ಎಂದು ಅವನು ಹೆಂಡತಿಗೆ ಹೇಳಿದ. ಆಮೇಲೆ ಹೆಂಡತಿ ಅಕ್ಕನಿಗೆ ಫೋನು ಮಾಡಿದಾಗ, ಅವಳೂ, ಯಾರೂ ಹೇಳಿಕೊಡದೆ, ಅದೇ ಸುಳ್ಳನ್ನು ಹೇಳಿದ್ದಳು: ಹೊರಡೋಕೇ ಆಗಲಿಲ್ಲ ಕಣೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಸುಳ್ಳಿಗೆ ಅವಳು ಹೊದಿಕೆ ಹೊದಿಸಿದ್ದು, ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡಾಗ ಅಮ್ಮನಿಗೆ ಗೊತ್ತಾಗದಂತೆ ಚಾದರ ಬದಲಿಸುತ್ತಿದ್ದ ಹಾಗೆಯೇ ಇತ್ತು. ಅಂದಿನಿಂದ ಅವನು ಅವಳಿಗೆ ಫೋನು ಮಾಡಿಲ್ಲ.

ಗ್ರಂಥಾಲಯದ ಮುಂದಿನ ಕೋಣೆಯಲ್ಲಿ ಕಂಡಕ್ಟರಮ್ಮ ಆಗಲೇ ಬಂದು ಕೂತಿದ್ದಳು, ಊರುಗೋಲನ್ನು ಮಂಡಿಗಳ ನಡುವೆ ನೆಟ್ಟುಕೊಂಡು. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವಳು. ನಿವೃತ್ತಿಯಾದ ಮೇಲೆ ಕಣ್ಣು ಹೋಯಿತು. ನಿಂತು ನಿಂತು ಸಾಕಾಗಿತ್ತು, ಈಗ ಕೂತು ಬೇರೆಯವರು ಸುತ್ತಾಡೋ ಕಥೆ ಕೇಳ್ತೀನಿ ಎನ್ನುತ್ತಿದ್ದಳು. ಅವನ ಹೆಜ್ಜೆ ಕೇಳಿಯೇ ಮುಖ ಎತ್ತಿದಳು.

‘ಬಂದ್ರಾ ತಮ್ಮಾ? ಗಾಬರಿ ಆಗ್ಬೇಡಿ, ಜಗಳಕ್ಕೆ ಬಂದಿಲ್ಲ. ಒಂದು ಗಡ್ಡದ ವಿಚಾರ ಕೇಳ್ಬೇಕಿತ್ತು.’

ಯಾವ ಗಡ್ಡ ಎಂದು ಕೇಳಿದ. ಅವನ ಕೈ ಅವನದೇ ಗಲ್ಲಕ್ಕೆ ಹೋಯಿತು.

‘ಆ ನಕ್ಷೆಯವನದು. ಎಂಟನೇದ್ರಲ್ಲಿ ನುಣ್ಣಗೆ ಕ್ಷೌರ ಮಾಡಿಸ್ಕೊಂಡು ಬಂದು ಮಲಗ್ತಾನೆ. ಒಂಬತ್ತನೇದ್ರಲ್ಲಿ ಕನ್ನಡಿ ನೋಡ್ಕೊಂಡ್ರೆ ಗಡ್ಡ ಕತ್ತಿನವರೆಗೆ ಇಳಿದಿದೆ. ಒಂದೇ ರಾತ್ರಿಗೆ ಗಡ್ಡ ಬಿಡೋಕೆ ಅವನೇನು ಮನುಷ್ಯನಾ, ಹುಲ್ಲುಗಾವಲಾ?’ ರೆಕಾರ್ಡಿಂಗಿನವಳು ಬಾಗಿಲಲ್ಲೇ ಕಿಸಕ್ಕನೆ ನಕ್ಕಳು. ‘ನೀವು ನಗ್ಬೇಡಿ ಮಗಳೇ, ನಿಮ್ಮ ಕಣ್ಣೆದುರಿಗೇ ನಡೆದಿದೆ. ನಡುವೆ ಒಂದು ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿಲ್ಲ ಇವರು.’

ಪುಟಗಳು ಅಂಟಿಕೊಂಡಿದ್ದವು ಎನ್ನಬಹುದು, ಮುದ್ರಣದಲ್ಲೇ ಬಿಟ್ಟುಹೋಗಿತ್ತು ಎನ್ನಬಹುದು, ಎಂದು ಅವನು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದ. ಆ ಎರಡರಲ್ಲಿ ಯಾವುದು ಎಂದು ಆರಿಸುವುದರೊಳಗೆ, ಮತ್ತೆ ಕಾಲುಚೀಲದ ಕಥೆಯೇ ಆಯಿತು, ಕಂಡಕ್ಟರಮ್ಮ ತಾನೇ ಒಂದು ದಾರಿ ತೆರೆದಳು. ಕತ್ತು ಮುಂದೆ ಚಾಚಿ, ಧ್ವನಿ ತಗ್ಗಿಸಿ ಕೇಳಿದಳು:

‘ಅಂಥಾ ಅಧ್ಯಾಯಾನಾ? ಹಾಸಿಗೇದು?’

ಅವನು ಹೆಗಲ ಚೀಲವನ್ನು ಕೆಳಗಿಟ್ಟ.

‘ನಂಗೆ ಎಪ್ಪತ್ತು ದಾಟಿದೆ ತಮ್ಮಾ. ಮೂರು ಮಕ್ಕಳನ್ನ ಹೆತ್ತಿದ್ದೀನಿ, ಅವೇನು ಅಂಚೇಲಿ ಬರ್ಲಿಲ್ಲ. ಕಣ್ಣಿಲ್ಲದವರು ಅಂದ್ರೆ ಎಲ್ರೂ ಮಡಿ ಮಾಡಿ ಪುಸ್ತಕ ಕೊಡ್ತಾರೆ. ನಾಚಿಕೆ ನಿಮಗಿದ್ರೆ ನೀವು ಕಣ್ಮುಚ್ಕೊಂಡು ಓದಿ.’

‘ಹೌದಮ್ಮಾ, ಸ್ವಲ್ಪ… ಹಾಸಿಗೆಯದೇ,’ ಎಂದ ಅವನು.

ಎಷ್ಟು ಸುಲಭವಾಗಿತ್ತು. ಸುಳ್ಳೂ ಅಲ್ಲ. ಒಂಬತ್ತನೆಯ ಅಧ್ಯಾಯದ ಉದ್ದಕ್ಕೂ ನಕ್ಷೆಯವನು ಹಾಸಿಗೆ ಬಿಟ್ಟು ಏಳುವುದಿಲ್ಲ. ಮೈಮೇಲಿನ ಬೆವರು ಆರಿದಂತಾಯಿತು. ನಾಚಿಕೆಯ ಗಂಡಸಾಗಿ ಸಿಕ್ಕಿಬೀಳುವುದು ಎಷ್ಟು ಮರ್ಯಾದೆಯ ವಿಷಯ. ರೆಕಾರ್ಡಿಂಗಿನವಳು ಹುಬ್ಬು ಹಾರಿಸಿ, ಏನ್ ಸರ್ ನೀವು, ನಾನು ಒಬ್ಬಳೇ ಇರ್ತೀನಿ ಅಂತಾನಾ ಬಿಟ್ಟಿದ್ದು, ನಾನೇನು ಎದ್ದು ಓಡಿಹೋಗ್ತಿದ್ನಾ ಎಂದು ಚುಡಾಯಿಸಿದಳು. ಆಮೇಲೆ ಕೆಲಸದ ಧ್ವನಿಗೆ ಬಂದು, ಬಿಡುವಂತಿಲ್ಲ, ಇವತ್ತೇ ಮುಗಿಸೋಣ, ನಾಳೆ ಗ್ರಂಥಪಾಲಕರು ಬರುವುದರೊಳಗೆ ಸಂಖ್ಯೆಗಳನ್ನೂ ಸರಿಮಾಡಬಹುದು, ಇಲ್ಲದಿದ್ದರೆ ಪುಸ್ತಕ ಬೇರೆ ಧ್ವನಿಗೆ ಹೋಗುತ್ತದೆ ಎಂದಳು. ಕಂಡಕ್ಟರಮ್ಮ ಊರುಗೋಲು ಊರಿ ಎದ್ದೇ ಬಿಟ್ಟಳು. ನಾನು ಒಳಗೇ ಕೂತು ಕೇಳ್ತೀನಿ, ಉಸಿರೂ ಬಿಡೋದಿಲ್ಲ, ಇಷ್ಟು ದೂರ ಬಂದವಳು ಬಾಗಿಲಲ್ಲಿ ನೇತಾಡಲಾ ಎಂದು ಕೇಳಿದಳು.

ಗೂಡಿನೊಳಗೆ ಎರಡನೆಯ ಕುರ್ಚಿ ಹಾಕಿದಾಗ ಅವರ ಮಂಡಿಗಳು ಹೆಚ್ಚುಕಡಿಮೆ ತಾಗುತ್ತಿದ್ದವು. ಸ್ನಾನ ಮಾಡದ ಮೈಯ ವಾಸನೆ ಅವಳಿಗೆ ಬರುತ್ತದೆ ಎಂಬುದು ಅವನಿಗೆ ಆಗ ನೆನಪಾಯಿತು. ಕಣ್ಣು ಕಾಣದವರಿಗೆ ಮೂಗು ಚುರುಕು ಎಂದು ಎಲ್ಲೋ ಓದಿದ್ದ. ಎಲ್ಲೋ ಏಕೆ, ತಾನೇ ಯಾವುದೋ ಪುಸ್ತಕದಲ್ಲಿ ಗಟ್ಟಿಯಾಗಿ ಓದಿದ್ದ. ಕೈಗಳನ್ನು ಮೈಗೆ ಒತ್ತಿಕೊಂಡು ಕೂತ. ಅವಳು ಮದುವೆಮನೆಯ ಮೊದಲ ಸಾಲಿನಲ್ಲಿ ಕೂತವಳ ಹಾಗೆ ಸೆರಗು ಸರಿಮಾಡಿಕೊಂಡು, ತುಟಿಯಂಚಿನಲ್ಲಿ ಒಂದು ತುಂಟ ನಗೆ ಸಿದ್ಧವಾಗಿಟ್ಟುಕೊಂಡಿದ್ದಳು. ಗಾಜಿನಾಚೆ ಕೈ ಮೇಲಕ್ಕೆ ಹೋಗಿ ಕೆಳಗಿಳಿಯಿತು. ಅಧ್ಯಾಯ ಒಂಬತ್ತು, ಎಂದ.

ನಕ್ಷೆಯವನನ್ನು ಓದಲು ಅವನಲ್ಲಿ ಒಂದು ಧ್ವನಿ ಮೊದಲಿನಿಂದ ಇತ್ತು. ತುಸು ಮೂಗಿನಲ್ಲಿ ಹೊರಡುವ, ಪದಗಳ ಕೊನೆಯನ್ನು ಎಳೆಯುವ, ಕೇಳುಗ ತುಟಿ ಕೊಂಕಿಸಲಿ ಎಂದೇ ಮಾಡಿದ ಧ್ವನಿ. ಕೈಕಾಲು ಗಟ್ಟಿಯಿದ್ದೂ ಏಳದವನನ್ನು ಹೇಗೆ ಓದಬೇಕು ಮತ್ತೆ? ಲೇಖಕ ಒಂದು ಕಾರಣವನ್ನಾದರೂ ಕೊಟ್ಟಿದ್ದರೆ, ಸತ್ತ ಹೆಂಡತಿಯನ್ನೋ ಮುರಿದ ಪ್ರೇಮವನ್ನೋ, ಅದಕ್ಕೆ ತಕ್ಕ ದುಃಖವನ್ನು ಗಂಟಲಿಗೆ ತಂದುಕೊಳ್ಳುತ್ತಿದ್ದ. ದುಃಖ ಓದುವುದು ಸುಲಭ, ಅದಕ್ಕೆ ಏರಿಳಿತವಿದೆ. ಕಾರಣವಿಲ್ಲದ್ದಕ್ಕೆ ಅವನು ತಿರಸ್ಕಾರವನ್ನೇ ಹಚ್ಚಿದ್ದ. ಎಂಟು ಅಧ್ಯಾಯ ಅದು ನಡೆದಿತ್ತು, ಏಕೆಂದರೆ ಅಲ್ಲಿ ನಕ್ಷೆಯವನು ಬೀಳುತ್ತಿದ್ದರೂ ಇನ್ನೂ ಕಾಲಮೇಲಿದ್ದ, ನಾಲ್ಕು ಜನರ ನಡುವೆ ಇದ್ದ, ನಗಲು ಜಾಗವಿತ್ತು. ಈಗಲೂ ಅದೇ ಧ್ವನಿಯಲ್ಲಿ ಶುರುಮಾಡಿದ. ‘ಬೆಳಗಾಯಿತು. ಅವನು ಗೋಡೆಯ ಕಡೆಗೆ ಹೊರಳಿದ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.’ ಕಂಡಕ್ಟರಮ್ಮ ಇನ್ನೇನು ಎಂಬಂತೆ ಮುಖ ಓರೆ ಮಾಡಿದಳು. ‘ಗೋಡೆಯಲ್ಲಿ ಒಂದು ಬಿರುಕಿತ್ತು. ಅವನು ಊರುಗಳ ನಕ್ಷೆ ಬರೆದವನು. ಈ ಬಿರುಕಿಗೆ ಊರಿರಲಿಲ್ಲ.’ ಮೂಗಿನ ಧ್ವನಿಯೊಂದು ಕಡೆ, ವಾಕ್ಯವೊಂದು ಕಡೆ ಹೋಗುವುದು ಅವನಿಗೇ ಕೇಳಿಸಿತು, ಅಳತೆಗೆ ದೊಡ್ಡದಾದ ಬೂಟಿನಲ್ಲಿ ಕಾಲು ಜಾರುವ ಹಾಗೆ. ಇಪ್ಪತ್ತು ವರ್ಷಗಳಲ್ಲಿ ಎಂದೂ ಹೀಗಾಗಿರಲಿಲ್ಲ. ಎತ್ತಿ ನಡೆಸಬೇಕಾದ ವಾಕ್ಯಗಳು ಒಂದೊಂದಾಗಿ ಅವನನ್ನು ಕೆಳಗಿಳಿಸಿ ಮಲಗಿಸುತ್ತಿದ್ದವು.

ಪುಟ ಮಗುಚಿದ. ಸದ್ದಾಗದಂತೆ ಮಗುಚುವುದನ್ನು ಬೆರಳುಗಳು ತಾವಾಗಿಯೇ ಮಾಡಿದವು. ಮುಂದಿನದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಓದಿದ್ದಾಗ ಪುಸ್ತಕ ಮುಚ್ಚಿಟ್ಟದ್ದು ಇಲ್ಲಿಯೇ. ‘ಪಕ್ಕದ ಕೋಣೆಯಿಂದ ತಾಯಿ ಕರೆದಳು, ಮಗಾ, ಒಂದು ಲೋಟ ನೀರು. ಅವನಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಬರೆಯುವುದು ಸುಲಭ. ಅವನಿಗೆ ಕೇಳಿಸಿತು.’ ಅಲ್ಲಿ ಅವನ ಮೂಗಿನ ಧ್ವನಿ ಕಳಚಿ ಬಿತ್ತು. ಅದರ ಕೆಳಗೆ ಬೇರೊಂದು ಧ್ವನಿ ಇದ್ದದ್ದು ಅವನಿಗೂ ಗೊತ್ತಿರಲಿಲ್ಲ; ಒಣಗಿದ್ದು, ಚಪ್ಪಟೆಯಾದದ್ದು, ಯಾರನ್ನೂ ಒಲಿಸಿಕೊಳ್ಳಲು ನೋಡದ್ದು. ಅದು ಓದಿತು: ‘ಅವನು ಅವಳನ್ನು ಪ್ರೀತಿಸುತ್ತಿದ್ದ. ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಏಳಬೇಕೆಂದು ಕಾಲಿಗೆ ಹೇಳಿದ. ಕಾಲು ದೂರದಲ್ಲಿತ್ತು. ಮಂಚ ಕಿರುಗುಟ್ಟಿತು, ಗೋಡೆ ಹಿಡಿದುಕೊಂಡು ತಾಯಿ ತಾನೇ ನಡೆದಳು, ನೀರು ಬಗ್ಗಿಸಿಕೊಂಡಳು, ಕುಡಿದಳು. ಹಿಂದಿರುಗುವಾಗ ಅವನ ಬಾಗಿಲ ಬಳಿ ನಿಂತಳು. ಅವನು ನಿದ್ರಿಸುತ್ತಿರುವವನ ಹಾಗೆ ಉಸಿರಾಡಿದ. ಅದು ಮಾತ್ರ ಅವನಿಂದ ಸಾಧ್ಯವಾಯಿತು.’

ಅಂದಿನ ಮೇಜಿನ ಮೇಲೆ ಫೋನು ಮತ್ತೆ ಅಂಚಿನ ಕಡೆಗೆ ಸರಿಯಿತು. ಅಕ್ಕ ಕಂಬದ ಬುಡದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಂದು ನಿಲ್ಲುವ ಒಂದೊಂದು ಬಸ್ಸಿಗೂ ಕತ್ತೆತ್ತಿ, ಇಳಿದವರ ಮುಖಗಳನ್ನು ಕೊನೆಯವರ ತನಕ ನೋಡಿದಳು. ಅದು ಅವನು ಕಂಡದ್ದಲ್ಲ. ಆದರೂ ಕಂಡದ್ದಕ್ಕಿಂತ ನಿಚ್ಚಳವಾಗಿ ಕಾಣುತ್ತಿತ್ತು. ತಾನು ಇಷ್ಟು ದಿನ ತಪ್ಪೆಂದು ಹೊತ್ತುಕೊಂಡದ್ದು ಅಕ್ಕನನ್ನು ಕಾಯಿಸಿದ್ದನ್ನು ಎಂದುಕೊಂಡಿದ್ದ. ಅದಲ್ಲ. ಅವಳ ಬಳಿಗೆ ಹೋಗಲಿಲ್ಲ ಎಂಬುದಕ್ಕಿಂತ, ಹೋಗದೆ ಕೂತಾಗ ಒಳಗೆ ಏನೂ ಆಗಲಿಲ್ಲ ಎಂಬುದು. ಏನೂ ಆಗದವನು ಎಂಥವನು? ಕಲ್ಲೋ, ಕಟುಕನೋ, ಸೋಮಾರಿಯೋ. ಮೂರರಲ್ಲಿ ಒಂದು ಹೆಸರನ್ನು ದಿನವೂ ತನಗೆ ಇಟ್ಟುಕೊಂಡು ತಿರಸ್ಕರಿಸುತ್ತಿದ್ದ. ಆ ತಿರಸ್ಕಾರದಲ್ಲಿ ಕೊಂಚ ಬಿಸಿಯಿತ್ತು, ಬದುಕಿದ್ದೇನೆ ಅನ್ನಿಸುತ್ತಿತ್ತು. ಪುಸ್ತಕದವನಿಗೆ ಲೇಖಕ ಈ ಮೂರರಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಬರೀ ಕಾಲು ದೂರದಲ್ಲಿತ್ತು ಎಂದು ಬರೆದು ಪಕ್ಕಕ್ಕೆ ಸರಿದಿದ್ದ. ಚಪ್ಪಟೆ ಧ್ವನಿ ಓದುತ್ತ ಹೋಯಿತು. ಹಗಲುಗಳು ಬಂದವು, ಗಡ್ಡ ಬೆಳೆಯಿತು, ತಾಯಿ ತಟ್ಟೆ ತಂದಿಟ್ಟಳು, ತೆಗೆದುಕೊಂಡು ಹೋದಳು. ಕಂಡಕ್ಟರಮ್ಮನ ತುಟಿಯ ನಗೆ ಯಾವಾಗ ಹೋಯಿತೋ ಅವನು ನೋಡಲಿಲ್ಲ. ಅಧ್ಯಾಯ ಮುಗಿದಾಗ ಅವಳು ಊರುಗೋಲಿನ ಹಿಡಿಕೆಗೆ ಗಲ್ಲ ಊರಿದ್ದಳು.

ಗೂಡಿನ ಸ್ಪೀಕರಿನಲ್ಲಿ ರೆಕಾರ್ಡಿಂಗಿನವಳ ಧ್ವನಿ ಬಂತು. ಸರ್, ಧ್ವನಿ ತೀರ ಕೆಳಗಿದೆ, ಮೊದಲಿನ ಎಂಟಕ್ಕೂ ಇದಕ್ಕೂ ಒಂದಕ್ಕೊಂದು ಹೊಂದುವುದೇ ಇಲ್ಲ, ಇನ್ನೊಂದು ಸಲ ತಗೊಳ್ಳೋಣವಾ ಎಂದಳು. ಅವನು ಉತ್ತರ ಕೊಡುವ ಮೊದಲೇ ಕಂಡಕ್ಟರಮ್ಮ ಮಾತಾಡಿದಳು.

‘ಹೊಂದದೆ ಇರ್ಲಿ ಮಗಳೇ. ಇಷ್ಟು ದಿನ ಇವರು ಅವನನ್ನ ಬೈದ್ಕೊಂಡೇ ಓದಿದಾರೆ. ಟಿಕೆಟ್ ಇಲ್ಲದವನನ್ನ ಹಿಡಿದ ಹಾಗೆ.’ ಅವನ ಕಡೆ ತಿರುಗಿ, ‘ನಾನು ಅಂದ್ಕೊಂಡಿದ್ದೇ ಒಂದು, ಇದೇ ಒಂದು. ಅವನು ಏಳ್ತಾನಾ?’ ಎಂದಳು.

‘ಇದರಲ್ಲಿ ಏಳೋದಿಲ್ಲ.’

‘ಮುಂದಿನದ್ರಲ್ಲಿ ಎದ್ದು ಕನ್ನಡಿ ಮುಂದೆ ನಿಂತಿರ್ತಾನಲ್ಲ. ಹೇಗೆ ಎದ್ದ?’

‘ಅದನ್ನ ಬರೆದಿಲ್ಲಮ್ಮಾ. ಅಧ್ಯಾಯ ಶುರುವಾಗೋ ಹೊತ್ತಿಗೆ ಎದ್ದಿದಾನೆ.’

‘ಹಾಗಾದ್ರೆ ಸ್ಟಾಪ್ ತಪ್ಪಿಸಿದ್ದು ನೀವೊಬ್ರೇ ಅಲ್ಲ ಬಿಡಿ, ಬರೆದವನೂ ತಪ್ಪಿಸಿದಾನೆ,’ ಎಂದು ಅವಳು ನಿಟ್ಟುಸಿರು ಬಿಟ್ಟಳು.

ಗಾಜಿನಾಚೆ ದೀಪ ಬದಲಾಯಿತು. ಮುಗಿಯಿತು ಎಂದರ್ಥ. ಪುಸ್ತಕ ಅವನದಾಗಿ ಉಳಿಯಿತು, ಗೂಡೂ ಉಳಿಯಿತು. ಇನ್ನು ಏಳಬೇಕು, ಪುಸ್ತಕ ಎತ್ತಿಡಬೇಕು, ಕಂಡಕ್ಟರಮ್ಮನ ಕೈಹಿಡಿದು ಬಾಗಿಲು ದಾಟಿಸಬೇಕು, ಅವಳ ಇನ್ನೊಂದು ಹಾಸ್ಯಕ್ಕೆ ನಗಬೇಕು. ಕಾಲಿಗೆ ಹೇಳಿದ. ಅದು ಕೇಳಲಿಲ್ಲ. ಗೂಡಿನೊಳಗೆ ಹೀಗಾದದ್ದು ಇದೇ ಮೊದಲು. ಇದೊಂದು ಜಾಗ ಉಳಿದಿತ್ತು, ಇಲ್ಲಿಗೂ ಬಂತು. ಏನಾದರೂ ಹೇಳಬಹುದಿತ್ತು. ಪುಟ ಗುರುತು ಹಾಕಬೇಕು, ನೀವು ನಡೆಯಿರಿ, ನಾನು ಬಂದೆ. ಇಂಥವು ಅವನ ಬಳಿ ರಾಶಿ ಇದ್ದವು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದ. ಹೆಂಡತಿ ಬೆಳಿಗ್ಗೆ ಪೆಟ್ಟಿಗೆಯ ಕೊಂಡಿ ಹಾಕುತ್ತ ಹೇಳಿದ ಮಾತು, ಅಕ್ಕ ಫೋನಿನಲ್ಲಿ ಹೇಳಿದ ಮಾತು, ಎಲ್ಲರೂ ತನ್ನ ಬಾಗಿಲ ಬಳಿ ನಿಂತು ಹೋಗಿದ್ದರು. ತಾನು ನಿದ್ರಿಸುತ್ತಿರುವವನ ಹಾಗೆ ಉಸಿರಾಡಿದ್ದ. ಬಾಯಿ ತೆರೆದಾಗ ಹೊರಟದ್ದು ಅದೇ ಒಣ ಧ್ವನಿ.

‘ಅಮ್ಮಾ, ನನಗೆ ಏಳೋ ಶಕ್ತಿ ಇಲ್ಲ. ನನ್ನ ಹೆಂಡತಿಗೆ ಒಂದು ಫೋನ್ ಮಾಡಿಸ್ತೀರಾ?’

ಕಂಡಕ್ಟರಮ್ಮ ಕೈ ಚಾಚಿದಳು. ಅವನ ಮಂಡಿ ಸಿಕ್ಕಿತು; ಅದರ ಮೇಲೆ ಅಂಗೈಯಿಟ್ಟಳು. ರೆಕಾರ್ಡಿಂಗಿನವಳು ಗಾಬರಿಯಿಂದ ಒಳಗೆ ಬಂದು, ಎದೆ ನೋವಾ ಸರ್, ನೀರು ಕೊಡಲಾ ಎಂದಳು. ಅಲ್ಲ ಎಂದು ತಲೆಯಾಡಿಸಿ ಸಂಖ್ಯೆ ಹೇಳಿದ. ಅವಳು ಫೋನಿನಲ್ಲಿ, ಇಲ್ಲ ಮೇಡಂ, ಬಿದ್ದಿಲ್ಲ, ಪ್ರಜ್ಞೆ ಇದೆ, ಕೂತಿದಾರೆ, ಏಳೋಕಾಗ್ತಿಲ್ಲ ಅಂತಿದಾರೆ, ಹೌದು, ಅವರೇ ಹೇಳಿದ್ದು, ಅವರ ಬಾಯಲ್ಲೇ, ಎಂದು ಒಂದೇ ಉಸಿರಿಗೆ ಹೇಳಿದಳು. ಆಚೆ ತುದಿಯಲ್ಲಿ ಹೆಂಡತಿ ಯಾರಿಗೋ, ಹತ್ತಿ ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ ಎಂದದ್ದು ಕೇಳಿಸಿತು. ಯಾರದೋ ಮನೆಯಲ್ಲಿ, ಯಾರದೋ ತೋಳಿನ ಮುಂದೆ ಮಂಡಿಯೂರಿ ಕೂತಿದ್ದಳು. ಫೋನನ್ನು ಅವರ ಕಿವಿಗೆ ಹಿಡಿಯಿರಿ ಎಂದಳು.

‘ರೀ, ಕೇಳಿಸ್ತಿದೆಯಾ?’

‘ಹ್ಞೂಂ.’

‘ಏಳೋಕೆ ಹೋಗ್ಬೇಡಿ. ಎಲ್ಲಿದ್ದೀರೋ ಅಲ್ಲೇ ಕೂತಿರಿ. ನಾನು ಬರ್ತೀನಿ.’

ಎಷ್ಟೋ ತಿಂಗಳಿನಿಂದ ಬೆಳಗಿನ ಬೆಳಕು, ಗಡಿಯಾರ, ಬಾಗಿಲು ತಟ್ಟುವ ಕೈ, ಎಲ್ಲಕ್ಕಿಂತ ಹೆಚ್ಚಾಗಿ ಅವನೇ ಅವನಿಗೆ ಹೇಳುತ್ತ ಬಂದದ್ದು ಒಂದೇ ಮಾತು, ಏಳು. ಏಳಬೇಡ ಎಂದದ್ದನ್ನು ಅವನು ಕೇಳಿರಲಿಲ್ಲ. ಹಿಡಿದುಕೊಂಡಿದ್ದ ಭುಜಗಳು ಕೆಳಗಿಳಿದವು. ಕಂಡಕ್ಟರಮ್ಮ ಕೈ ತೆಗೆಯಲಿಲ್ಲ. ಕೊನೇ ಸ್ಟಾಪಿನಲ್ಲಿ ದಿನಾ ಒಬ್ಬನಾದರೂ ಇಳಿಯದೆ ಕೂತಿರುತ್ತಿದ್ದ, ಮೊದಮೊದಲು ಎಬ್ಬಿಸ್ತಿದ್ದೆ, ಆಮೇಲಾಮೇಲೆ ಡ್ರೈವರ್ ಟೀ ಕುಡಿದು ಬರೋವರೆಗೆ ನಾನೂ ಕೂತ್ಕೋತಿದ್ದೆ, ಕಾಲಿಗೂ ಆರಾಮ ಎಂದು, ಅವನಿಗೆಂದೂ ಅಲ್ಲ, ಯಾರಿಗೆಂದೂ ಅಲ್ಲ, ಹೇಳಿಕೊಂಡಳು.

ಹೊರಗಿನ ಕೋಣೆಯಲ್ಲಿ ಮಕ್ಕಳ ಪುಸ್ತಕ ಓದುವವನು ತನ್ನ ಸರದಿಗೆ ಬಂದು, ಗಂಟಲು ಸರಿಮಾಡಿಕೊಳ್ಳುತ್ತ ಮೇಕೆಯ ಹಾಗೆ, ಬೆಕ್ಕಿನ ಹಾಗೆ ಕೂಗಿ ನೋಡುತ್ತಿದ್ದ. ಬಾಗಿಲು ಸ್ವಲ್ಪ ಸರಿಸಿ ಇಣುಕಿದ. ಗೂಡಿನಲ್ಲಿ ಯಾರೂ ಓದುತ್ತಿರಲಿಲ್ಲ. ಒಬ್ಬ ಗಂಡಸು, ಒಬ್ಬ ಮುದುಕಿ ಎದುರುಬದುರು ಸುಮ್ಮನೆ ಕೂತಿದ್ದರು. ನಂದು ಶುರು ಮಾಡಬಹುದಾ ಎಂದು ಕೇಳಿದ.

‘ಇಲ್ಲ, ಖಾಲಿ ಇಲ್ಲ,’ ಎಂದಳು ರೆಕಾರ್ಡಿಂಗಿನವಳು. ‘ಇವರ ಕೆಲಸ ಇನ್ನೂ ನಡೀತಿದೆ.’